ಸುಣ್ಣದ ಗೋಡೆಯೂ ಕಾಲುದಾರಿಯೂ

ನಡೆದದ್ದಕ್ಕೆ ಕೂಲಿ ಕೊಡುತ್ತಿದ್ದ ಕಾಲವೊಂದಿತ್ತು. ನಡೆಯುವುದಕ್ಕಾಗಿಯೇ ಹಣ ತೆರುವ ಕಾಲವು ಈಗ ಬಂದಿದೆ. ಹೆಗಲಿಗೆ ಚೀಲವನ್ನೂ ಕೈಗೆ ಗೆಜ್ಜೆ ಕಟ್ಟಿದ ಭರ್ಜಿಯನ್ನೂ ಕೊಟ್ಟು ಟಪ್ಪಾಲಿನವನನ್ನು ಊರಿಂದೂರಿಗೆ ಓಡಿಸುತ್ತಿದ್ದ ಸರ್ಕಾರವು ಅವನ ಕಾಲಿಗೆ ತಿಂಗಳ ಸಂಬಳವನ್ನು ಗೊತ್ತುಮಾಡಿತ್ತು. ಈಗಲಾದರೋ ತನ್ನ ಕಾಲಿನಿಂದ ತಾನು ನಡೆಯುವ ಸುಖಕ್ಕಾಗಿ ವರ್ಷದ ಉಳಿತಾಯವನ್ನೆಲ್ಲ ಸುರಿದು, ವಿಮಾನವನ್ನೇರಿ, ಸಮುದ್ರಗಳನ್ನು ದಾಟಿ ಹೋಗುವವರು ಮದರಾಸಿನ ನಮ್ಮ ಅಡ್ಯಾರಿನ ಬೀದಿಗಳಲ್ಲಿಯೂ ಕಾಣಸಿಗುತ್ತಾರೆ. ನನ್ನ ತಂಗಿಯ ಮಗನು ಅಂಥವರಲ್ಲೊಬ್ಬನು. ಕಳೆದ ವಸಂತದಲ್ಲಿ ಅವನು ಸ್ಪೇನ್ ದೇಶದ ದಕ್ಷಿಣಕ್ಕೆ ಹೋಗಿ, ಗ್ರನಾಡಾ ಪ್ರಾಂತದ ಅಲ್ಪುಹಾರಾ ಎಂಬ ಬೆಟ್ಟಸೀಮೆಯಲ್ಲಿ, ಸಿಯೆರಾ ನೆವಾಡಾ ಎಂಬ ಹಿಮಪರ್ವತದ ತೆಂಕಣ ಇಳಿಜಾರಿಗೆ ಅಂಟಿಕೊಂಡಿರುವ ಸುಣ್ಣದ ಗೋಡೆಗಳ ಹಳ್ಳಿಗಳ ನಡುವೆ ಐದು ದಿನ ನಡೆದುಬಂದನು.

ಬಂದ ಮರುವಾರ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ತನ್ನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದನು. ಪಾಂಪನೇಯಿರಾ, ಬುಬಿಯೋನ್, ಕಾಪಿಲೇಯಿರಾ ಎಂಬ ಮೂರು ಊರುಗಳು ಪೊಕೇಯಿರಾ ಎಂಬ ಕಣಿವೆಯ ಒಂದೇ ಮಗ್ಗುಲಲ್ಲಿ, ಸಮುದ್ರಮಟ್ಟಕ್ಕೆ 1,000 ಮೀಟರುಗಳಿಗೂ ಮೇಲೆ, ಒಂದರ ಹೆಗಲ ಮೇಲೊಂದು ಏರಿ ಕುಳಿತಂತೆ ಇದ್ದುವು. ಮಟ್ಟಸವಾದ ಮಣ್ಣಿನ ಮಾಳಿಗೆಗಳು, ಟೊಪ್ಪಿಗೆಯಿಟ್ಟಂಥ ಹೊಗೆಗೂಡುಗಳು, ಓಣಿಯ ಮೇಲೆಯೇ ಚಾಚಿಕೊಂಡು ಕೆಳಗೆ ನಡೆಯುವವರಿಗೆ ನೆರಳಾಗುವ ಮೇಲುಪ್ಪರಿಗೆಗಳು, ಎಲ್ಲಕ್ಕೂ ಮಿಗಿಲಾಗಿ ಕಣ್ಣು ಕುಕ್ಕುವ ಬಿಳುಪು. “ಇಷ್ಟು ಬೆಳ್ಳಗಿರುವ ಊರನ್ನು ಎಲ್ಲಾದರೂ ನೋಡಿದ್ದೀರಾ, ಮಾವ?” ಎಂದು ಅವನು ಕೇಳಿದನು. “ಈ ಗೋಡೆಗಳಿಗೆ ಸುಣ್ಣ ಬಳಿಯುವವರು ಯಾರಪ್ಪ?” ಎಂದು ನಾನು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನು ಕೇಳಲಿಲ್ಲ” ಎಂದನು.

ಹುಡುಗನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವನು ಸುಳ್ಳು ಹೇಳದೆ ಸುಮ್ಮನಾದನೆಂಬುದೇ ಅವನ ನಡಿಗೆ ಅವನಿಗೆ ಏನನ್ನೋ ಕಲಿಸಿದ್ದಕ್ಕೆ ಸಾಕ್ಷಿ. ಆದರೆ ಒಂದು ಕಾವ್ಯವನ್ನು ಪರೀಕ್ಷಿಸುವಂತೆ ಒಂದು ಆಚಾರವನ್ನೂ ಪರೀಕ್ಷಿಸಬಹುದಾದರೆ, ಅದರ ಗುಣವೇನು, ದೋಷವೇನು, ಯಾವ ಅಳತೆಗೋಲಿನಿಂದ ಅದನ್ನು ಅಳೆಯತಕ್ಕದ್ದು ಎಂದು ವಿಚಾರಮಾಡಬಹುದಾದರೆ, ಈ ಕಾಲ್ನಡಿಗೆಯ ವಿಹಾರವೆಂಬ ಹೊಸ ಆಚಾರವು ವಿಮರ್ಶೆಗೆ ಅರ್ಹವಾದದ್ದೇ ಸರಿ.

ಯೂರೋಪಿನಲ್ಲಿ ಇದು ಈಗ ಒಂದು ಸುವ್ಯವಸ್ಥಿತವಾದ ಕಲೆ, ವಾಣಿಜ್ಯವೂ ಹೌದು. ದಿನಕ್ಕೆ ಹತ್ತು ಹದಿನೈದು ಕಿಲೋಮೀಟರುಗಳ ದಾರಿಯನ್ನು ಮೊದಲೇ ಗೊತ್ತುಮಾಡಿಕೊಟ್ಟಿರುತ್ತಾರೆ. ಕಲ್ಲುಬಂಡೆಗಳ ಮೇಲೆಯೂ ಮರದ ಬೊಡ್ಡೆಗಳ ಮೇಲೆಯೂ ಬಿಳಿ ಕೆಂಪು ಪಟ್ಟೆಗಳ ಗುರುತು ಇರುತ್ತದೆ. ಅಲ್ಪುಹಾರಾದ ಮೂಲಕ ಹಾದುಹೋಗುವ ಜಿ.ಆರ್. 7 ಎಂಬ ದೂರದಾರಿಗೆ ಇರುವ ಗುರುತೇ ಅದು. ಪ್ರಯಾಣಿಕನ ಪೆಟ್ಟಿಗೆಯು ಮೋಟಾರಿನಲ್ಲಿ ಮುಂದಿನ ಊರಿನ ವಸತಿಗೃಹಕ್ಕೆ ಅವನಿಗಿಂತ ಮೊದಲೇ ಹೋಗಿ ಸೇರಿರುತ್ತದೆ. ಅವನ ಬೆನ್ನಿನ ಮೇಲಿರುವುದು ನೀರಿನ ಸೀಸೆ, ಒಂದಿಷ್ಟು ರೊಟ್ಟಿ, ಒಂದು ಮಳೆಯಂಗಿ. ಹೀಗೆ ಭಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹಗುರಾಗಿ ನಡೆಯುವುದು ಸುಖವೆಂಬುದರಲ್ಲಿ ಸಂಶಯವಿಲ್ಲ. ಆದರೆ ಬೆಟ್ಟದ ಊರಿನಲ್ಲಿ ಹೊರೆಯೆಂಬುದು ಎಷ್ಟು ದೊಡ್ಡ ಸಂಗತಿಯೆಂಬುದನ್ನು ಅವನ ಬೆನ್ನು ಅರಿಯದೆಯೇ ಹಿಂದಿರುಗುತ್ತದೆ.

ಗುಣಗಳನ್ನು ಮೊದಲು ಎಣಿಸೋಣ. ಮೋಟಾರಿನಲ್ಲಿ ಹೋಗುವವನಿಗೆ ಬೆಟ್ಟವು ಒಂದು ತಿರುವು. ನಡೆಯುವವನಿಗೆ ಒಂದು ಬೆಳಗು. ನನ್ನ ಸೋದರಳಿಯನು ಒಂದು ಇಡೀ ದಿನ ಒಂದು ನೀರ್ಗಾಲುವೆಯ ದಂಡೆಯನ್ನು ಹಿಡಿದು ನಡೆದನಂತೆ. ಹಿಮವು ಕರಗಿ ಇಳಿಯುವ ನೀರನ್ನು ಬೆಟ್ಟದ ಸೊಂಟಕ್ಕೆ ಒಡ್ಯಾಣ ಸುತ್ತಿದಂತೆ ಸುತ್ತಿಸಿ ಮೆಟ್ಟುಮೆಟ್ಟಾದ ಗದ್ದೆಗಳಿಗೆ ಉಣಿಸುವ ಆ ಕಾಲುವೆಗಳನ್ನು ಅಲ್ಲಿಯ ಜನ ‘ಅಸೆಕಿಯಾ’ ಎನ್ನುತ್ತಾರೆ. ಆ ಮಾತು ಅರಬ್ಬೀ ಭಾಷೆಯದು, ಏಕೆಂದರೆ ಕಾಲುವೆಯ ವಿದ್ಯೆಯನ್ನು ಆ ಬೆಟ್ಟಕ್ಕೆ ತಂದವರು ಮೂರ್ ಎಂಬ ಮುಸಲ್ಮಾನ ಜನರು. ಮೇಲೆ ಬೋಳು ಬಂಡೆ, ಕೆಳಗೆ ಹಸುರು ತೋಟ, ಎರಡರ ನಡುವೆ ಒಂದು ಮೊಳದ ಅಗಲದ ನೀರು. ಅದೊಂದಿಲ್ಲದಿದ್ದರೆ ಊರೇ ಇಲ್ಲವೆಂಬುದು ನಡೆದ ಕಾಲಿಗೆ ತಿಳಿದಷ್ಟು ನಿಶ್ಚಯವಾಗಿ ಯಾವ ಗ್ರಂಥದಿಂದಲೂ ತಿಳಿಯದು. ಇದು ಈ ಆಚಾರದ ಮೊದಲನೆಯ ಗುಣ. ಎರಡನೆಯದು, ಕಾಲುದಾರಿಗಳ ಉಳಿವು. ಹೇಸರಗತ್ತೆಗಳು ಓಡಾಡುತ್ತಿದ್ದ ದಾರಿಗಳು ಮೋಟಾರು ಬಂದ ಮೇಲೆ ಮುಳ್ಳುಪೊದೆಗಳಲ್ಲಿ ಮುಚ್ಚಿಹೋಗುತ್ತಿರಲು, ದೂರದೇಶದಿಂದ ಬಂದು ನಡೆಯುವವರ ಪಾದಗಳೇ ಅವನ್ನು ತೆರೆದಿಟ್ಟಿವೆ. ಮೂರನೆಯದು, ಹರೆಯದವರು ಪಟ್ಟಣಗಳಿಗೆ ಇಳಿದುಹೋದ ಊರಿನಲ್ಲಿ ಒಂದು ಅಂಗಡಿಯೂ ಒಂದು ಊಟದ ಮನೆಯೂ ಬಾಗಿಲು ಮುಚ್ಚದೆ ಇರುವಂತೆ ಅವರ ಹಣವು ನೆರವಾಗುತ್ತದೆ.

ದೋಷವೆಲ್ಲಿದೆ? ಅದನ್ನು ಕಾಣಬೇಕಾದರೆ ನಮ್ಮ ನಾಡಿನ ನಡಿಗೆಗಳ ಪಕ್ಕದಲ್ಲಿ ಇದನ್ನು ನಿಲ್ಲಿಸಿ ನೋಡಬೇಕು. ಯುಗಾದಿಯ ಮುಂಚೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಹೊರಟು, ನಲ್ಲಮಲೆಯ ಕಾಡನ್ನು ದಾಟಿ ಶ್ರೀಶೈಲದ ಮಲ್ಲಯ್ಯನ ಬಳಿಗೆ ಹೋಗುವ ಸಾವಿರಾರು ಭಕ್ತರೂ ನಡೆಯುತ್ತಾರೆ. ಮಲೆಯ ಮಾದಪ್ಪನ ಪರಸೆಯವರೂ ನಡೆಯುತ್ತಾರೆ. ಅವರಿಗೆ ದಾರಿಯ ಮೇಲಣ ಊರು ಚೆಂದವೋ ಅಲ್ಲವೋ ಎಂಬ ಚಿಂತೆಯಿಲ್ಲ. ಆದರೆ ಅಲ್ಲಿ ಇನ್ನೊಂದು ವ್ಯವಹಾರ ನಡೆಯುತ್ತದೆ. ಊರಿನ ಜನ ದಾರಿಗೆ ಬಂದು ನಿಂತು ಮಜ್ಜಿಗೆಯನ್ನೋ ರೊಟ್ಟಿಯನ್ನೋ ನೀಡುತ್ತಾರೆ, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ಕೊಡುತ್ತಾರೆ, “ಯಾವೂರು? ಯಾರ ಪೈಕಿ? ಮಳೆ ಹೇಗೆ?” ಎಂದು ಕೇಳುತ್ತಾರೆ. ಉಂಡವನು ಋಣಿಯಾಗುತ್ತಾನೆ, ಕೇಳಿದ್ದಕ್ಕೆ ಉತ್ತರ ಹೇಳಬೇಕಾಗುತ್ತದೆ, ಮುಂದಿನ ವರ್ಷ ತನ್ನ ಊರಿಗೆ ಬಂದವರಿಗೆ ತಾನು ಬಡಿಸಬೇಕಾಗುತ್ತದೆ. ವಿಹಾರಕ್ಕೆ ಬಂದವನ ಲೆಕ್ಕವಾದರೋ ಊರಿಗೆ ಕಾಲಿಡುವ ಮೊದಲೇ ಚುಕ್ತಾ ಆಗಿರುತ್ತದೆ. ಅವನು ಯಾರಿಗೂ ಏನನ್ನೂ ತೀರಿಸಬೇಕಾಗಿಲ್ಲ. ಆದಕಾರಣ ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಅವನೂ, ನಮ್ಮ ಹುಡುಗನಂತೆ, ಏನನ್ನೂ ಕೇಳದೆ ಬರುತ್ತಾನೆ. ಮುಂಗಡವಾಗಿ ತೆತ್ತ ಹಣವು ಹಸಿವನ್ನು ತಪ್ಪಿಸುವಂತೆ ಮಾತನ್ನೂ ತಪ್ಪಿಸುತ್ತದೆ.

ಮಾತಿಲ್ಲದವನಿಗೆ ಉಳಿಯುವುದು ನೋಟ. ಆ ನೋಟವು ಎಷ್ಟನ್ನು ಬಿಡುತ್ತದೆಂಬುದಕ್ಕೆ ಅಲ್ಪುಹಾರಾದ ಚರಿತ್ರೆಯೇ ಸಾಕ್ಷಿ. ಗ್ರನಾಡಾದ ಅರಸೊತ್ತಿಗೆ 1492ರಲ್ಲಿ ಬಿದ್ದ ಬಳಿಕವೂ ಆ ಬೆಟ್ಟಗಳಲ್ಲಿ ಉಳಿದಿದ್ದ, ಬಲವಂತದಿಂದ ಕ್ರೈಸ್ತರಾದ ಮೂರ್ ಜನರ ಸಂತತಿಯವರು ತಮ್ಮ ಭಾಷೆಯನ್ನೂ ಉಡುಪನ್ನೂ ನಿಷೇಧಿಸಿದ ರಾಜಾಜ್ಞೆಗೆ ಎದುರಾಗಿ 1568ರಲ್ಲಿ ದಂಗೆಯೆದ್ದರು. 1571ರ ವೇಳೆಗೆ ದಂಗೆಯನ್ನು ಅಡಗಿಸಿ ಅವರನ್ನು ಬೆಟ್ಟದಿಂದ ಹೊರಡಿಸಿಬಿಟ್ಟರು. ಬರಿದಾದ ಹಳ್ಳಿಗಳನ್ನು ತುಂಬಲು ಸ್ಪೇನಿನ ಉತ್ತರದ ಸೀಮೆಗಳಿಂದ ಬಡ ಒಕ್ಕಲುಗಳನ್ನು ಕರೆತಂದರು. ಹೊಸಬರಿಗೆ ಕಾಲುವೆಯ ಮರ್ಮವನ್ನು ಕಲಿಸಲು ಊರಿಗೆ ಎರಡೆರಡು ಹಳೆಯ ಮನೆತನಗಳನ್ನು ಉಳಿಸಿಕೊಂಡರೆಂದು ಹೇಳುವುದುಂಟು. ಮೂರ್ ಅರಸನೊಬ್ಬನ ಹೆಸರು ಮಾತ್ರ 3,479 ಮೀಟರು ಎತ್ತರದ ಮುಲಾಸೆನ್ ಶಿಖರಕ್ಕೆ ಅಂಟಿಕೊಂಡು ಇಂದಿಗೂ ಇದೆ. ಎಂದರೆ, ಇಂದು ಪ್ರವಾಸಿಗಳು ‘ಪ್ರಾಚೀನ’ವೆಂದು ಮೆಚ್ಚುವ ಆ ಊರುಗಳಲ್ಲಿ ಮನೆಯ ವಿನ್ಯಾಸ ಒಬ್ಬರದು, ಒಳಗಿರುವವರು ಬೇರೊಬ್ಬರು, ಮೇಲಿನ ಸುಣ್ಣವು ಈ ಸಂಗತಿಯನ್ನು ಹೇಳುವುದಿಲ್ಲ.

ಈ ಊರುಗಳನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ಉತ್ತಮ ಗ್ರಂಥವನ್ನು ಬರೆದ ಜೆರಾಲ್ಡ್ ಬ್ರೆನನ್ ಎಂಬವನೂ ಕಾಲ್ನಡಿಗೆಯಲ್ಲಿಯೇ ಅಲ್ಲಿಗೆ ಹೋದವನು. ಆದರೆ ಅವನು 1920ರಲ್ಲಿ ಯೆಹೆನ್ ಎಂಬ ಹಳ್ಳಿಯಲ್ಲಿ ಒಂದು ಮನೆಯನ್ನು ಹಿಡಿದು, ಬಿಟ್ಟು ಬಿಟ್ಟು 1934ರವರೆಗೂ ಅಲ್ಲಿ ಬಾಳಿ, ಅದಾದ ಬಹುಕಾಲಕ್ಕೆ, 1957ರಲ್ಲಿ, ತನ್ನ ಪುಸ್ತಕವನ್ನು ಪ್ರಕಟಿಸಿದನು. ನಡಿಗೆಯು ಅವನನ್ನು ಊರ ಬಾಗಿಲಿನವರೆಗೆ ಕೊಂಡೊಯ್ದಿತು. ಒಳಗೆ ಬಿಟ್ಟದ್ದು ವಾಸ.

ನಡಿಗೆಯ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರವು ಸ್ವಲ್ಪ. ಅಡ್ಯಾರು ನದಿಯು ಸಮುದ್ರವನ್ನು ಸೇರುವ ಅಳಿವೆಯ ಬಳಿಯಲ್ಲಿ ನಾನು ಮೂವತ್ತು ವರ್ಷಗಳಿಂದ ಒಂದೇ ದಾರಿಯಲ್ಲಿ ಬೆಳಗ್ಗೆ ನಡೆಯುತ್ತಿದ್ದೇನೆ. ಈ ಕಡೆ ಥಿಯಾಸಾಫಿಕಲ್ ಸೊಸೈಟಿಯ ವಿಶಾಲವಾದ ತೋಪು. 1882ರಲ್ಲಿ ಹಡಲ್‌ಸ್ಟನ್ ಎಂಬವನ ಹೆಸರಿನ ತೋಟವನ್ನು ಆ ಸಂಸ್ಥೆಯವರು ಕೊಂಡರು. ಅದರೊಳಗಿನ ಹೆಸರಾಂತ ಆಲದ ಮರದ ತಾಯಿಬೊಡ್ಡೆಯು 1989ರ ಬಿರುಗಾಳಿಗೆ ಉರುಳಿತಾದರೂ ಬಿಳಲುಗಳೇ ಬೊಡ್ಡೆಗಳಾಗಿ ಮರವು ಇನ್ನೂ ನಿಂತಿದೆ. ಆ ಕಡೆ ಕಡಲ ಮರಳು. ಅಲ್ಲಿಯೇ 1909ರಲ್ಲಿ ಆಡುತ್ತಿದ್ದ ಬಾಲಕನೊಬ್ಬನನ್ನು ಆ ಸಂಸ್ಥೆಯ ಮುಂದಾಳಾದ ಲೆಡ್‌ಬೀಟರ್ ಕಂಡನು. ಜಗದ್ಗುರುವಾಗಬೇಕೆಂದು ತನ್ನ ಮೇಲೆ ಹೊರಿಸಿದ ಪಟ್ಟವನ್ನು ಇಳಿಸಿಟ್ಟು ಹೊರಟ ಆ ಕೃಷ್ಣಮೂರ್ತಿಯವರು ಮದರಾಸಿಗೆ ಬಂದಾಗಲೆಲ್ಲ ಸಂಜೆ ಅದೇ ಕಡಲತೀರದಲ್ಲಿ ನಡೆಯುತ್ತಿದ್ದರು. 1986ರ ಜನವರಿಯಲ್ಲಿ, ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಮುಂಚೆ, ಈ ದೇಶದಲ್ಲಿ ಅವರ ಕೊನೆಯ ನಡಿಗೆಯೂ ಅಲ್ಲಿಯೇ ಆಯಿತು. ಹೊಸ ದಾರಿಯೇ ನಡಿಗೆಯ ಸಾರವಾಗಿದ್ದರೆ ಅವರು ಅಷ್ಟು ವರ್ಷ ಒಂದೇ ಮರಳನ್ನು ತುಳಿಯಬೇಕಾಗಿರಲಿಲ್ಲ.

ಸುಣ್ಣದ ವಿಷಯದಲ್ಲಿಯೂ ಈ ತೀರವು ಅಪರಿಚಿತವಲ್ಲ. ಕಡಲ ಚಿಪ್ಪನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ನುಣ್ಣಗೆ ಅರೆದು, ಗೋಡೆಗೆ ಮೆತ್ತಿ ಉಜ್ಜಿದರೆ ಅಮೃತಶಿಲೆಯಂತೆ ಹೊಳೆಯುವ ಮದರಾಸಿನ ಗಾರೆಯು ಕುಂಪಣಿಯ ಕಾಲದಲ್ಲಿ ದೇಶಾಂತರಗಳಲ್ಲಿಯೂ ಹೆಸರಾಗಿತ್ತು. ಆ ಬಿಳಿಯ ಬಂಗಲೆಗಳ ಜನಕ್ಕೆ ಬೇಸಗೆ ಬಂದೊಡನೆ ಬೆಟ್ಟದ ನೆನಪಾಗುತ್ತಿತ್ತು, ಬೆಟ್ಟವೆಂದರೆ ನೀಲಗಿರಿ. ಅಡ್ಯಾರಿನ ಸಂಸ್ಥೆಗೂ ನೀಲಗಿರಿಗೂ ಹಳೆಯ ನಂಟು. ಸ್ಥಾಪಕಿಯಾದ ಬ್ಲಾವಟ್ಸ್ಕಿಯು 1883ರಲ್ಲಿ ಉದಕಮಂಡಲಕ್ಕೆ ಹೋಗಿ ಬಂದಳು. ಸಹಸ್ಥಾಪಕನಾದ ಆಲ್ಕಾಟನು ಅಲ್ಲಿ ‘ಗುಲಿಸ್ತಾನ್’ ಎಂಬ ಮನೆಯನ್ನು ಕಟ್ಟಿಸಿದನು. 1917ರಲ್ಲಿ ಸರ್ಕಾರವು ಸಂಸ್ಥೆಯ ಅಧ್ಯಕ್ಷೆಯಾದ ಆನಿ ಬೆಸೆಂಟರನ್ನು ನಿರ್ಬಂಧದಲ್ಲಿಟ್ಟಾಗ ಅವರು ದಿನ ಕಳೆದದ್ದು ಆ ಮನೆಯಲ್ಲಿಯೇ. ಒಬ್ಬರಿಗೆ ವಿಹಾರವಾದ ಬೆಟ್ಟವು ಇನ್ನೊಬ್ಬರಿಗೆ ಸೆರೆಯಾಯಿತು.

ಈ ಬೆಟ್ಟದ ಮೇಲೆ ನಮ್ಮ ಅಲ್ಪುಹಾರಾ ಉಂಟು. ಅದನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ನೀಲಗಿರಿಯ ಇಳಿಜಾರುಗಳಲ್ಲಿ 400ರ ಆಸುಪಾಸಿನ ಹಟ್ಟಿಗಳಲ್ಲಿ ಬಡಗರೆಂಬ ಒಕ್ಕಲು ಜನರು ವಾಸವಾಗಿದ್ದಾರೆ. ಹಟ್ಟಿಯೆಂಬುದು ನಮ್ಮದೇ ಮಾತು. ಚಿತ್ರದುರ್ಗದ ಕಡೆಯ ಗೊಲ್ಲರ ಹಟ್ಟಿಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬಡಗನೆಂದರೆ ಬಡಗಣ ದಿಕ್ಕಿನಿಂದ ಬಂದವನು. ಯಕ್ಷಗಾನದ ಬಡಗುತಿಟ್ಟಿನಲ್ಲಿರುವ ಬಡಗೇ ಇದು. ಮೈಸೂರು ಸೀಮೆಯಿಂದ, ತಂಗಿಯೊಬ್ಬಳ ಮಾನವನ್ನು ಕಾಯುವುದಕ್ಕಾಗಿ ಅಣ್ಣತಮ್ಮಂದಿರು ಓಡಿಬಂದರೆಂದು ಅವರ ಐತಿಹ್ಯ; 1565ರಲ್ಲಿ ವಿಜಯನಗರವು ಬಿದ್ದ ಮೇಲಿನ ಅರಾಜಕದಲ್ಲಿ ಗುಂಪು ಗುಂಪಾಗಿ ಬಂದರೆಂದು ವಿದ್ವಾಂಸರ ಊಹೆ. ಒಂದು ಬೆಟ್ಟಕ್ಕೆ 1565ರ ಬಳಿಕ, ಇನ್ನೊಂದು ಬೆಟ್ಟಕ್ಕೆ 1571ರ ಬಳಿಕ. ಅಲ್ಲಿಯೂ ಬಂದವರು ಬಡಗಣವರೇ, ಇಲ್ಲಿಯೂ ಬಡಗಣವರೇ. ಓಡಿಸಿದವರ ಧರ್ಮ ಬೇರೆ, ಓಡಿದವರ ಧರ್ಮ ಬೇರೆ. ಇಳಿಜಾರನ್ನು ಮೆಟ್ಟುಮೆಟ್ಟಾಗಿ ಕಡಿದು ಬಿತ್ತಬೇಕಾದವನ ಬೆನ್ನು ಮಾತ್ರ ಎರಡೂ ಕಡೆ ಒಂದೇ.

ಈ ಬೆಟ್ಟವನ್ನು ಹತ್ತಿದ ಹೊರಗಿನವರಲ್ಲಿ ಬರಹವನ್ನು ಬಿಟ್ಟುಹೋದ ಮೊದಲಿಗನು ದಕ್ಷಿಣ ಯೂರೋಪಿನವನೇ ಎಂಬುದು ವಿಚಿತ್ರವಾದರೂ ನಿಜ. ಇಟಲಿಯ ಜೆಸೂಟ್ ಪಾದ್ರಿಯಾದ ಫೆನಿಸಿಯೋ 1603ರಲ್ಲಿ ಮಲೆಯಾಳದ ಕಡೆಯಿಂದ ಮೇಲೇರಿ ಬಂದು ಎಮ್ಮೆ ಸಾಕುವ ತೋಡರನ್ನೂ ಬಡಗರನ್ನೂ ಕಂಡನು. ಕಾಡಿನೊಳಗೆ ಎಂದೋ ಕಳೆದುಹೋದ ಕ್ರೈಸ್ತರು ಇರುವರೆಂಬ ವಾರ್ತೆಯನ್ನು ನಂಬಿ ಬಂದವನಿಗೆ ಅವರು ಸಿಗಲಿಲ್ಲ. ಬ್ಲಾವಟ್ಸ್ಕಿಯು ಬೇರೊಂದನ್ನು ಅರಸಿ ಬಂದಳು. ನೀಲಗಿರಿಯ ಜನರನ್ನು ಕುರಿತು ರಷ್ಯನ್ ಭಾಷೆಯಲ್ಲಿ ಅವಳು ಬರೆದ ಗ್ರಂಥದಲ್ಲಿ ತೋಡರು ದಿವ್ಯರಹಸ್ಯವನ್ನು ಬಲ್ಲ ಗಂಭೀರಪುರುಷರು, ಕುರುಂಬರು ಮಾಟಗಾರರು, ಬಡಗರು ತೋಡರನ್ನು ದೇವರೆಂದು ಪೂಜಿಸುವ ಸರಳರು. ಕಥನಶಕ್ತಿಯಲ್ಲಿ ಆ ಗ್ರಂಥಕ್ಕೆ ಕೊರತೆಯಿಲ್ಲ. ಮಂಜು, ಕಣಿವೆ, ಎಮ್ಮೆಗಳ ಹಿಂಡು, ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ಆದರೆ ಬಡಗನು ಧಾನ್ಯವನ್ನೂ ತೋಡನು ಹಾಲು ತುಪ್ಪವನ್ನೂ ಕೋತನು ಮಡಕೆ, ಕಬ್ಬಿಣ, ವಾದ್ಯಗಳನ್ನೂ ಕುರುಂಬನು ಕಾಡಿನ ಹುಟ್ಟುವಳಿಯನ್ನೂ ಕೊಟ್ಟು ಪಡೆದು ಶತಮಾನಗಳ ಕಾಲ ಒಂದೇ ಸಂತೆಯಂತೆ ನಡೆಸಿದ ಬಾಳು ಅವಳ ರಹಸ್ಯದಲ್ಲಿ ಮುಳುಗಿಹೋಯಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ತೋಡರಿಗೆ ಬೆಣ್ಣೆಯೆಲ್ಲ ಸಂದಿತು, ಕುರುಂಬರಿಗೆ ಸುಣ್ಣವೆಲ್ಲ ಸಂದಿತು, ಬಡಗರಿಗೆ ಎರಡೂ ದೊರೆಯಲಿಲ್ಲ.

ಇಷ್ಟನ್ನೆಲ್ಲ ಓದಿಕೊಂಡು, ಎರಡು ವರ್ಷಗಳ ಕೆಳಗೆ ನಾನು ಕೋತಗಿರಿಗೆ ಹೋಗಿ ಮೂರು ದಿನ ನಡೆದೆನು. ಕೋತರ ಕೇರಿಯೇ ಕೋತಗಿರಿಯಾದದ್ದು. ಅದರ ಬಳಿಯ ಕನ್ನೇರಿಮುಕ್ಕು ಎಂಬಲ್ಲಿ, ಕೊಯಮುತ್ತೂರಿನ ಕಲೆಕ್ಟರನಾಗಿ 1819ರಲ್ಲಿ ಬೆಟ್ಟವನ್ನು ಹತ್ತಿದ ಜಾನ್ ಸಲ್ಲಿವನ್ನನ ಬಂಗಲೆಯುಂಟು. ಅಲ್ಲಿಂದ ಹೊರಟು, ಹೆದ್ದಾರಿಯನ್ನು ಬಿಟ್ಟು, ಚಹದ ತೋಟಗಳ ನಡುವಣ ಕಾಲುದಾರಿಗಳಲ್ಲಿ ಹಟ್ಟಿಯಿಂದ ಹಟ್ಟಿಗೆ ಹೋದೆನು. ನಾನು ಅರಸುತ್ತಿದ್ದುದು ಎರಡು: ಸಾಲುಮನೆಗಳ ಸುಣ್ಣದ ಬಿಳುಪು, ಮತ್ತು ಹಳಗನ್ನಡ.

ಬಿಳುಪು ಸಿಗಲಿಲ್ಲ. ಒಂದಕ್ಕೊಂದು ಗೋಡೆ ತಗುಲಿದ ಸಾಲುಮನೆಗಳೇನೋ ಇದ್ದುವು. ಅವುಗಳ ಮುಂದೆ ಉದ್ದಕ್ಕೆ ಅಂಗಳವಿತ್ತು. ಆದರೆ ಗೋಡೆಗಳು ಗಿಳಿಹಸುರು, ಆಕಾಶನೀಲಿ, ಗುಲಾಬಿ. ಮಾಡುಗಳ ಮೇಲೆ ಸಿಮೆಂ‌ಟು. ಸುಣ್ಣವು ಉಳಿದದ್ದು ಗುಡಿಯ ಗೋಡೆಗೂ ನಾಲ್ಕಾರು ಹಳೆಯ ಮನೆಗಳಿಗೂ. ನನಗೆ ನಿರಾಶೆಯಾಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಒಂದು ಹಳೆಯ ಮನೆಯ ಜಗಲಿಯಲ್ಲಿ, ಬಿಳಿಯ ಬಟ್ಟೆಯನ್ನು ಅವರ ಪದ್ಧತಿಯಂತೆ ಉಟ್ಟು ತಲೆಗೂ ಬಿಳಿಯ ವಸ್ತ್ರವನ್ನು ಕಟ್ಟಿದ್ದ ಮುದುಕಿಯೊಬ್ಬಳು ಕುಳಿತು ಅವರೆ ಬಿಡಿಸುತ್ತಿದ್ದಳು. “ಅಜ್ಜಿ, ಈ ಗೋಡೆಗೆ ಸುಣ್ಣ ಬಳಿಯುವವರು ಯಾರು?” ಎಂದು ನನ್ನ ಕನ್ನಡದಲ್ಲಿ ಕೇಳಿದೆನು. ಅವಳು ತನ್ನ ಮಾತಿನಲ್ಲಿ, ನಾನು ಮುಕ್ಕಾಲು ಪಾಲು ಹಿಡಿಯಬಲ್ಲಷ್ಟು ನಿಧಾನವಾಗಿ, ಉತ್ತರ ಹೇಳಿದಳು. ಸುಣ್ಣದ ಹರಳನ್ನು ಕೆಳಗಿನಿಂದ ಹೊತ್ತು ತರಬೇಕು. ಗಡಿಗೆಯಲ್ಲಿ ನೀರೆರೆದರೆ ಅದು ಕೊತಕೊತನೆ ಕುದಿಯುತ್ತದೆ. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣು ಹೋಗುತ್ತದೆ. ತಮ್ಮ ದೇವತೆಯಾದ ಹೆತ್ತೆಯ ಹಬ್ಬಕ್ಕೆ ಮುಂಚೆ ಮನೆಯ ಹೆಂಗಸರೆಲ್ಲ ಸೇರಿ ಬಳಿಯಬೇಕು. ಒಂದು ಮಳೆಗಾಲ ಕಳೆದರೆ ಗೋಡೆ ಮತ್ತೆ ಹಾವಸೆ ಕಟ್ಟುತ್ತದೆ. ಈಗ ಮೊಮ್ಮಗನು ಅಂಗಡಿಯ ಬಣ್ಣವನ್ನು ತರುತ್ತಾನೆ, ಅದು ಐದು ವರ್ಷ ಬಾಳುತ್ತದೆ. ಇದನ್ನು ಹೇಳುವಾಗ ಅವಳ ಮುಖದಲ್ಲಿ ಕಂಡದ್ದು ಹಳೆಯ ಕಾಲದ ಹಂಬಲವಲ್ಲ, ಬಿಡುಗಡೆ.

ನೀರು ಕುಡಿದ ಸುಣ್ಣವು ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ; ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ; ತನ್ನ ಕ್ಷಾರಗುಣದಿಂದ ಹುಳುಹುಪ್ಪಟೆಯನ್ನೂ ಬೂಸಲನ್ನೂ ದೂರವಿಡುತ್ತದೆ; ಅಗ್ಗವೂ ಹೌದು. ಸ್ಪೇನಿನ ಬೆಟ್ಟದಲ್ಲಿಯೂ ನಮ್ಮ ದೀಪಾವಳಿಯ ಮುಂಚಿನ ಮನೆಗಳಲ್ಲಿಯೂ ಅದನ್ನು ಬಳಿದದ್ದು ಈ ಪ್ರಯೋಜನಗಳಿಗಾಗಿ. ನೋಡುವವನಿಗೆ ಸೌಂದರ್ಯವಾಗಿ ಕಂಡದ್ದು ಬಳಿಯುವವಳಿಗೆ ವರ್ಷವರ್ಷವೂ ತಪ್ಪದ ದುಡಿಮೆ. ಊರು ಬಿಳುಪಾಗಿಯೇ ಇರಲೆಂದು ಹಾರೈಸುವ ಪಾದಚಾರಿಯು, ತನಗರಿಯದೆಯೇ, ಆ ಮುದುಕಿಯ ಸೊಸೆಯ ಕೈ ಸುಡುತ್ತಲೇ ಇರಲೆಂದು ಹಾರೈಸುತ್ತಾನೆ.

ಹಳಗನ್ನಡದ ಕಥೆಯೂ ಹೀಗೆಯೇ ಆಯಿತು. ಮನೆ, ಹಾಲು, ನೀರು, ಹಬ್ಬ ಎಂಬ ಮಾತುಗಳು ಕಿವಿಗೆ ಬಿದ್ದಾಗ ತಮಿಳುಸೀಮೆಯ ನಡುವೆ ಬಹುಕಾಲ ಬಾಳಿದವನಿಗೆ ಆಗುವ ಸಂತೋಷವನ್ನು ಬೇರೆಯವರಿಗೆ ಹೇಳಲಾಗದು. ನೀಲಗಿರಿಯ ಅತ್ಯುನ್ನತ ಶಿಖರಕ್ಕೆ, 2,637 ಮೀಟರುಗಳ ಎತ್ತರದಲ್ಲಿ, ದೊಡ್ಡಬೆಟ್ಟವೆಂದೇ ಹೆಸರು! ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಕೇತಿ ಎಂಬ ಊರಿನಲ್ಲಿ ನೆಲಸಿದ ಬಾಸೆಲ್ ಮಿಶನ್ನಿನವರು ಬಡಗ ಮಕ್ಕಳಿಗೆ ಪಾಠ ಹೇಳಿದ್ದು ಕನ್ನಡದಲ್ಲಿ. ಲೂಕನ ಸುವಾರ್ತೆಯನ್ನು ಅವರ ನುಡಿಗೆ ತಂದಾಗ ಅಚ್ಚುಹಾಕಿದ್ದು ಮಂಗಳೂರಿನಲ್ಲಿ. ಈ ಉತ್ಸಾಹದಲ್ಲಿ ನಾನು, “ಅಜ್ಜಿ, ನೀವಾಡುವುದು ನಮ್ಮ ಹಳೆಯ ಕನ್ನಡವಲ್ಲವೆ?” ಎಂದುಬಿಟ್ಟೆನು. ಅವಳು ಅವರೆಕಾಯಿಯಿಂದ ತಲೆಯೆತ್ತದೆ, “ಇದು ಬಡಗು” ಎಂದಳು.

ಅವಳು ಹೇಳಿದ್ದೇ ಸರಿ. ಎಮೆನೋ ಎಂಬ ಭಾಷಾಶಾಸ್ತ್ರಜ್ಞರು 1939ರಷ್ಟು ಹಿಂದೆಯೇ ಬಡಗರ ಸ್ವರಗಳನ್ನು ಪರೀಕ್ಷಿಸಿ, ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಎರಡು ಬಗೆಯಾಗಿ ನುಡಿಯುವ ಮೂರ್ಧನ್ಯ ಸ್ವರಗಳನ್ನು ಅದರಲ್ಲಿ ಗುರುತಿಸಿದ್ದರು; ಅಂಥವು ಪಂಪನಿಗೂ ಇರಲಿಲ್ಲ, ನನಗೂ ಇಲ್ಲ. ನಾಲ್ಕುನೂರು ವರ್ಷ ತನ್ನ ಬೆಟ್ಟದಲ್ಲಿ ತಾನು ಬೆಳೆದ ನುಡಿಯನ್ನು ನಮ್ಮ ಹಿತ್ತಲಿನಲ್ಲಿ ಮರೆತುಬಿಟ್ಟ ಹಳೆಯ ಪಾತ್ರೆಯೆಂಬಂತೆ ಎತ್ತಿ ನೋಡಹೊರಟ ನಾನು, ಕ್ರೈಸ್ತರನ್ನು ಅರಸಿದ ಪಾದ್ರಿಗಿಂತಲೂ ರಹಸ್ಯವನ್ನು ಅರಸಿದ ರಷ್ಯದ ಮಹಿಳೆಗಿಂತಲೂ ಬಿಳುಪನ್ನು ಅರಸಿದ ಸೋದರಳಿಯನಿಗಿಂತಲೂ ಯಾವ ವಿಧದಲ್ಲಿ ಮೇಲಾದೆನು? ಅವರವರ ಚೀಲದಲ್ಲಿ ಅವರವರ ಸುಣ್ಣವಿತ್ತು. ನನ್ನ ಚೀಲದಲ್ಲಿ ನನ್ನದು. ಒಂದು ವ್ಯತ್ಯಾಸವೆಂದರೆ, ಉತ್ತರ ಹೇಳಬಲ್ಲವಳನ್ನು ನಾನು ಕೇಳಿದ್ದೆನು, ಕೇಳಿದ್ದರಿಂದ ತಿದ್ದಿಸಿಕೊಂಡೆನು. ಆಮೇಲೆ ಅವಳು ನನ್ನನ್ನು ಒಳಗೆ ಕರೆದು ಅವರೆಯ ಉದಕವನ್ನೂ ರಾಗಿಯ ಹಿಟ್ಟನ್ನೂ ಬಡಿಸಿ, ನನ್ನ ಊರು, ಮಕ್ಕಳು, ಸಂಬಳ ಎಲ್ಲವನ್ನೂ ವಿಚಾರಿಸಿದಳು. ಚಹದ ಹಸಿರೆಲೆಗೆ ಕಾರ್ಖಾನೆಯವರು ಕೊಡುವ ಬೆಲೆಯು ಕೊಯ್ಲಿನ ಕೂಲಿಗೂ ಸಾಲದೆಂದು ಅವಳ ಮಗನು ಹೇಳಿದನು. ಎರಡು ದಿನಗಳಿಂದ ನಾನು ‘ಮನೋಹರವಾದ ಹಸುರು ಹಾಸು’ ಎಂದು ನೋಡುತ್ತ ಬಂದ ತೋಟವು ಆ ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವಾಗ ಬೇರೆಯಾಗಿ ಕಂಡಿತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತನ್ನು ನಾವು ನಿರಾಶೆಯ ಮಾತಾಗಿ ಬಳಸುತ್ತೇವೆ. ಅದನ್ನು ನಡಿಗೆಯ ಲಕ್ಷಣವಾಗಿ ಬಳಸಬಹುದೆಂದು ನನಗೆ ತೋರುತ್ತದೆ. ನುಣುಪನ್ನು ಕಳೆಯುವುದೇ ನಡಿಗೆಯ ಕೆಲಸ. ನಡೆಯುವವನು ಏನನ್ನು ಅರಸಿ ಹೊರಟನೋ ಅದನ್ನು ಅವನ ಕೈಯಿಂದ ಕಸಿದುಕೊಂಡು, ಅಲ್ಲಿ ಇರುವುದನ್ನು ಕೊಟ್ಟರೆ ಆ ನಡಿಗೆ ಸಾರ್ಥಕ. ಅರಸಿದ್ದನ್ನೇ ಚಿತ್ರವಾಗಿ ಕಟ್ಟಿಕೊಟ್ಟು ಕಳುಹಿಸಿದರೆ, ಎಷ್ಟು ಕಿಲೋಮೀಟರು ನಡೆದರೂ ಅದು ನಿಂತಲ್ಲಿಯೇ ನಿಂತದ್ದಕ್ಕೆ ಸಮ.

ಈ ಅಳತೆಗೋಲಿನಿಂದ ನೋಡಿದರೆ, ಸುಣ್ಣದ ಗೋಡೆಗಳ ನಡುವಣ ಐದು ದಿನಗಳ ವಿಹಾರಕ್ಕೆ ನನ್ನ ತೀರ್ಪು ಇಷ್ಟು. ಅದು ಒಳ್ಳೆಯ ಪೀಠಿಕೆ, ಗ್ರಂಥವಲ್ಲ. ಕಾಲಿಗೆ ಅದು ಕಲಿಸುವುದು ನಿಜ, ಕಾಲುವೆಯ ವಿಷಯದಲ್ಲಿ ಕಲಿಸಿದಂತೆ. ಕಿವಿಗೆ ಅದು ಏನನ್ನೂ ಕಲಿಸದಿರುವುದು ಅದರ ವ್ಯವಸ್ಥೆಯ ದೋಷ, ನಡಿಗೆಯ ದೋಷವಲ್ಲ. ಐದು ಊರುಗಳಲ್ಲಿ ಐದು ರಾತ್ರಿ ಕಳೆಯುವ ಬದಲು ಎರಡು ಊರುಗಳಲ್ಲಿ ಕಳೆಯಲಿ. ಪೆಟ್ಟಿಗೆಯನ್ನು ಮೋಟಾರಿಗೆ ಕೊಡದೆ, ಹೊರಬಲ್ಲಷ್ಟನ್ನೇ ಹೊರಲಿ. ಆ ನುಡಿಯ ಐವತ್ತು ಮಾತುಗಳನ್ನಾದರೂ ಕಲಿತು ಹೋಗಲಿ; ಅವುಗಳಲ್ಲಿ ‘ಯಾರು’, ‘ಏಕೆ’, ‘ಎಷ್ಟು’ ಎಂಬ ಮೂರು ಮಾತುಗಳು ತಪ್ಪದೆ ಇರಲಿ. ಮತ್ತು ಕಡಲನ್ನು ದಾಟುವ ಮೊದಲು, ತನ್ನ ನುಡಿ ಮುಕ್ಕಾಲು ಪಾಲು ತಿಳಿಯುವ ಒಂದು ಬೆಟ್ಟದಲ್ಲಿ ನಡೆದು, ಉಳಿದ ಕಾಲು ಪಾಲು ತಿಳಿಯದೆಂಬುದನ್ನು ಕಲಿತುಕೊಳ್ಳಲಿ.

ಸೋದರಳಿಯನಿಗೆ ಇದನ್ನೇ ಹೇಳಿದ್ದೇನೆ. ನೀಲಗಿರಿ ಎಕ್ಸ್‌ಪ್ರೆಸ್ ರಾತ್ರಿ ಮದರಾಸಿನ ಸೆಂಟ್ರಲ್ ನಿಲ್ದಾಣವನ್ನು ಬಿಟ್ಟು ಬೆಳಗಾಗುವಷ್ಟರಲ್ಲಿ ಮೆಟ್ಟುಪಾಳಯವನ್ನು ಸೇರುತ್ತದೆ. ಅಲ್ಲಿಂದ ಕೋತಗಿರಿಗೆ ಬಸ್ಸು ಉಂಟು. ಕೋತಗಿರಿಯಿಂದ ಮುಂದಕ್ಕೆ ಕಾಲುದಾರಿ.